ಕತ್ತಲೆಕಾನಿನ ಗೇರು: ಒಂದು ಮರದ ನಾಮಕರಣ

ಕಾಡಿನಲ್ಲಿ ಹೊಸ ಮರವೊಂದು ಪತ್ತೆಯಾಯಿತೆಂಬ ಸುದ್ದಿಯನ್ನು ಓದುವಾಗ ಆ ಮಾತಿನೊಳಗಿನ ವಿರೋಧ ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಮರ ಹೊಸದಾಗಿರುವುದಿಲ್ಲ. ಅದು ನಮ್ಮ ರಾಜವಂಶಗಳಿಗಿಂತ, ನಮ್ಮ ಶಾಸನಗಳಿಗಿಂತ, ಬಹುಶಃ ನಮ್ಮ ಭಾಷೆಗಿಂತಲೂ ಹಳೆಯದು. ಹೊಸದಾಗಿ ಸೇರುವುದು ಹೆಸರು ಮಾತ್ರ. ಆದರೂ ಆ ಹೆಸರು ಸೇರುವವರೆಗೆ ಶಾಸ್ತ್ರದ ದೃಷ್ಟಿಯಲ್ಲಿ ಆ ಮರ ಇರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿಯೂ ಇರುವುದಿಲ್ಲ. ಹೆಸರಿಲ್ಲದ್ದನ್ನು ಎಣಿಸಲು ಬಾರದು, ಎಣಿಸಲು ಬಾರದ್ದನ್ನು ಉಳಿಸುವುದು ಕಷ್ಟ.

೨೦೦೦ನೆಯ ಇಸವಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಮಳೆಕಾಡೊಂದರಿಂದ ಇಂಥ ಒಂದು ಮರ ಶಾಸ್ತ್ರಪ್ರಪಂಚಕ್ಕೆ ಪರಿಚಿತವಾಯಿತು. ೧೮೭೫ರಷ್ಟು ಹಿಂದಿನಿಂದ ಹೊರಡುತ್ತಿರುವ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು ಅದನ್ನು ವರ್ಣಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಕತ್ತಲೆಕಾನು ಎಂಬ ಅಪ್ಪಟ ಕನ್ನಡದ ಸ್ಥಳನಾಮ ಹೀಗೆ ಲ್ಯಾಟಿನ್ ವೇಷದಲ್ಲಿ ಜಗತ್ತಿನ ಸಸ್ಯಸೂಚಿಯೊಳಗೆ ನಿಂತಿತು. ಈ ಮರ ಯಾವುದು, ಎಂಥ ನೆಲದಲ್ಲಿ ಬೆಳೆಯುತ್ತದೆ, ಅದಕ್ಕೆ ಹೆಸರು ಕೂಡಿಬಂದ ಕ್ರಮವೇನು, ಆ ಹೆಸರಿನಿಂದ ಕನ್ನಡದ ಅಧ್ಯಯನ ಮಾಡುವವರಿಗೆ ಒದಗುವ ಹೊಣೆ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸಸ್ಯಶಾಸ್ತ್ರದ ಸೂಕ್ಷ್ಮಗಳು ಆ ಶಾಸ್ತ್ರದವರಿಗೆ ಸೇರಿದವು. ನಾಮಕರಣ ಮಾತ್ರ ಭಾಷೆಯ ವ್ಯವಹಾರವಾದ್ದರಿಂದ ಅಲ್ಲಿ ನಮಗೂ ಒಂದು ಪಾಲುಂಟು.

೧. ಕಾನು ಮತ್ತು ಜಡ್ಡಿ

ಹೊನ್ನಾವರದ ಕಡಲತೀರದಿಂದ ಶರಾವತಿಯ ಜಾಡು ಹಿಡಿದು ಪೂರ್ವಕ್ಕೆ ನಡೆದರೆ ಗೇರುಸೊಪ್ಪೆ ಸಿಗುತ್ತದೆ. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಅದು. ಅಲ್ಲಿಂದ ಮುಂದೆ ರಸ್ತೆ ಘಟ್ಟವನ್ನೇರುತ್ತದೆ. ಮಾವಿನಗುಂಡಿಯ ಕಡೆಗೆ ಸಾಗುವ ಆ ದಾರಿಯ ಆಸುಪಾಸಿನಲ್ಲಿರುವುದೇ ಕತ್ತಲೆಕಾನು. ವರ್ಷಕ್ಕೆ ಸುಮಾರು ಎಂಟುನೂರು ಮಿಲಿಮೀಟರ್ ಮಳೆ ಬೀಳುವ ಹೈದರಾಬಾದಿನಲ್ಲಿರುವ ನಮಗೆ ಅಲ್ಲಿನ ಮಳೆಯನ್ನು ಕಲ್ಪಿಸಿಕೊಳ್ಳುವುದೂ ಸುಲಭವಲ್ಲ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಅಲ್ಲಿ ಮುಖ್ಯವಾಗಿ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಆ ನೀರನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಕೆಲಸವನ್ನು ಕಾಡು ಮಾಡುತ್ತದೆ.

ಮಲೆನಾಡಿನ ಭಾಷೆಯಲ್ಲಿ ಕಾಡಿಗೆ ಒಂದೇ ಹೆಸರಿಲ್ಲ. ‘ಬೆಟ್ಟ’ ಎಂದರೆ ನಮ್ಮ ಬಯಲುಸೀಮೆಯವರು ತಿಳಿಯುವ ಗುಡ್ಡವಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡು. ‘ಹಕ್ಕಲು’, ‘ಬೇಣ’, ‘ಕಾನು’ ಎಂಬ ಬೇರೆ ಬೇರೆ ಮಾತುಗಳು ಬೇರೆ ಬೇರೆ ನೆಲಗಳನ್ನೂ ಅವುಗಳ ಮೇಲಿನ ಬೇರೆ ಬೇರೆ ಬಳಕೆಗಳನ್ನೂ ಸೂಚಿಸುತ್ತವೆ. ಇವುಗಳಲ್ಲಿ ಕಾನು ಎಂಬುದು ಎತ್ತರದ ನಿತ್ಯಹಸುರು ಮರಗಳ, ಸೂರ್ಯನ ಬೆಳಕು ನೆಲಕ್ಕಿಳಿಯದ ಕಾಡು. ಅನೇಕ ಕಾನುಗಳಲ್ಲಿ ದೈವದ ನೆಲೆಗಳುಂಟು, ಕಾಡುಮೆಣಸಿನ ಬಳ್ಳಿಗಳುಂಟು, ಹೊಳೆಯ ಮೂಲಗಳುಂಟು. ೧೮೬೮ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಪ್ರತ್ಯೇಕ ವರದಿ ಬರೆದರು. ಆಡಳಿತದ ಇಂಗ್ಲಿಷ್ ಕೂಡ ಈ ಮಾತನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡದ್ದು ಗಮನಾರ್ಹ. ಕಾನಸೂರು, ಕಾನಗೋಡು ಮೊದಲಾದ ಊರ ಹೆಸರುಗಳಲ್ಲಿ ಅದೇ ಮಾತು ಇಂದಿಗೂ ಉಳಿದಿದೆ. ಸಂಸ್ಕೃತದ ‘ಕಾನನ’ ಶಬ್ದಕ್ಕೂ ದ್ರಾವಿಡದ ‘ಕಾ’, ‘ಕಾನ್’ ರೂಪಗಳಿಗೂ ಸಂಬಂಧ ಕಲ್ಪಿಸಿದ ವಿದ್ವಾಂಸರುಂಟು. ಆ ಚರ್ಚೆ ಏನೇ ಇರಲಿ, ಕಾಡಿನ ಒಂದು ನಿರ್ದಿಷ್ಟ ಬಗೆಯನ್ನು ಸೂಚಿಸುವ ಪಾರಿಭಾಷಿಕ ಶಬ್ದವಾಗಿ ಕಾನು ಎಂಬುದು ಮಲೆನಾಡಿನ ಕನ್ನಡದ ಆಸ್ತಿ.

ಕಾನಿನೊಳಗೂ ಮತ್ತೆ ವಿಶೇಷವಾದ ನೆಲೆಗಳಿವೆ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯಲ್ಲಿ ನೀರು ಹರಿಯಲಾರದೆ, ಬತ್ತಲೂ ಆರದೆ, ವರ್ಷವಿಡೀ ನಿಂತು ಒಸರುವ ಜವುಗು ಭೂಮಿಗೆ ಆ ಸೀಮೆಯಲ್ಲಿ ‘ಜಡ್ಡಿ’ ಎನ್ನುತ್ತಾರೆ. ಜಾಜಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳು ಗುಂಪುಗೂಡಿ ಬೆಳೆದಿರುವ ಜಡ್ಡಿಯೇ ‘ರಾಮಪತ್ರೆ ಜಡ್ಡಿ’. ಈ ಬಗೆಯ ಸಿಹಿನೀರಿನ ಜೌಗುಕಾಡನ್ನು ಶಾಸ್ತ್ರೀಯವಾಗಿ ಮೊದಲು ಗುರುತಿಸಿದವರು ಕೃಷ್ಣಮೂರ್ತಿ. ೧೯೬೦ರಲ್ಲಿ ಅವರು ತಿರುವಾಂಕೂರಿನ ಭಾಗದ ಕಾಡುಗಳನ್ನು ಕುರಿತು ಬರೆದರು. ೧೯೬೮ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಕಾಡುಗಳನ್ನು ವರ್ಗೀಕರಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಉತ್ತರ ಕನ್ನಡದ ಜಡ್ಡಿಗಳ ಕಡೆಗೆ ವಿದ್ವಾಂಸರ ಗಮನವನ್ನು ಬಲವಾಗಿ ಸೆಳೆದದ್ದು ಎಂ. ಡಿ. ಸುಭಾಶ್ಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ೧೯೯೦ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಬರಹಗಳು.

ಜಡ್ಡಿಯ ಮಣ್ಣಿನಲ್ಲಿ ನೀರಿಗೆ ಬರವಿಲ್ಲ, ಬರವಿರುವುದು ಗಾಳಿಗೆ. ನೀರು ತುಂಬಿದ ಕೆಸರಿನಲ್ಲಿ ಬೇರು ಉಸಿರಾಡಲಾರದು. ಆದ್ದರಿಂದ ಅಲ್ಲಿನ ಮರಗಳು ಬೇರನ್ನೇ ಮೇಲಕ್ಕೆ ಕಳುಹಿಸುತ್ತವೆ. ‘ಜಿಮ್ನಾಕ್ರಾಂಥೆರ ಕೆನಾರಿಕ’ ಎಂಬ ಮರದ ಬೇರುಗಳು ಮಡಚಿದ ಮಂಡಿಗಳಂತೆ ಕೆಸರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ‘ಮಿರಿಸ್ಟಿಕ ಮ್ಯಾಗ್ನಿಫಿಕ’ ಎಂಬ ಇನ್ನೊಂದು ಮರದ ಕಾಂಡದಿಂದ ಇಳಿಯುವ ಬೇರುಗಳು ಊರುಗೋಲುಗಳಂತೆ ಅದನ್ನು ಎತ್ತಿ ಹಿಡಿದಿರುತ್ತವೆ. ಇವೆರಡೂ ಜಡ್ಡಿಯನ್ನು ಬಿಟ್ಟು ಬೇರೆಡೆ ಬಾಳಲಾರವು. ಇವುಗಳ ಹಣ್ಣು ಒಡೆದಾಗ ಬೀಜವನ್ನು ಸುತ್ತಿಕೊಂಡಿರುವ ಕೆಂಪು ಪತ್ರೆ ಕಾಣಿಸುತ್ತದೆ. ಅದಕ್ಕೆ ಮರುಳಾಗುವ ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಮೇಲೆ ಸಿಂಗಳೀಕಗಳು, ನಡುವೆ ಕಾಡಡಿಕೆ, ಅಂಚಿನಲ್ಲಿ ಮುಂಡಿಗೆಯ ಪೊದೆ, ಕೆಳಗೆ ಕಪ್ಪೆ ಮತ್ತು ಉಂಬಳ: ಇಷ್ಟೆಲ್ಲ ಸೇರಿದ ಸಂಸಾರ ಒಂದು ಜಡ್ಡಿ. ನಮ್ಮ ಹೊಸ ಗೇರಿನ ಮನೆ ಇದೇ.

೨. ಗೇರಿನ ಮನೆತನ

ಈ ಮರ ಮಾವಿನ ಕುಟುಂಬಕ್ಕೆ, ಅದರೊಳಗೆ ‘ಸೆಮಿಕಾರ್ಪಸ್’ ಎಂಬ ಕುಲಕ್ಕೆ ಸೇರಿದ್ದು. ಈ ಕುಲದ ಪ್ರಸಿದ್ಧ ಸದಸ್ಯ ನಮ್ಮ ದಖ್ಖನ್ನಿನ ಒಣಕಾಡುಗಳಲ್ಲಿಯೂ ಬೆಳೆಯುತ್ತದೆ. ಸಂಸ್ಕೃತದ ಭಲ್ಲಾತಕ, ಉರ್ದುವಿನ ಭಿಲಾವಾಂ, ಮರಾಠಿಯ ಬಿಬ್ಬಾ, ತೆಲುಗಿನ ನಲ್ಲಜೀಡಿ ಎಲ್ಲವೂ ಒಂದೇ. ಬೀದರ, ಕಲಬುರಗಿಯ ಕಡೆಯವರಿಗೂ ತೆಲಂಗಾಣದವರಿಗೂ ಇದರ ಪರಿಚಯವುಂಟು. ಇದರ ಕಾಯಿಯ ಕಪ್ಪು ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಆ ಗುರುತು ಎಷ್ಟು ಒಗೆದರೂ ಹೋಗದು; ರಸ ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ. ಗುರುತು ಎಂಬರ್ಥದ ಮತ್ತು ಹಣ್ಣು ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಿರಿಯ ಲಿನೇಯಸ್ ಈ ಕುಲಕ್ಕೆ ‘ಸೆಮಿಕಾರ್ಪಸ್’ ಎಂದು ಹೆಸರಿಟ್ಟನು. ನಮ್ಮ ಅಗಸರ ಕಸುಬು ಹೀಗೆ ಗ್ರೀಕಿಗೆ ಏರಿದೆ.

ಕನ್ನಡದಲ್ಲಿ ಇದರ ಹಳೆಯ ಹೆಸರು ‘ಗೇರು’. ತಮಿಳಿನ ‘ಸೇರಾಂಕೊಟ್ಟೈ’ ಎಂಬುದರ ಮೊದಲ ಭಾಗ, ಮಲಯಾಳದ ‘ಚೇರು’ ಇದರ ಸೋದರ ರೂಪಗಳು. ತಮಿಳು ಮಲಯಾಳಗಳಲ್ಲಿ ತಾಲವ್ಯ ಸ್ವರದ ಹಿಂದೆ ಚಕಾರ ಕಾಣುವಲ್ಲಿ ಕನ್ನಡವು ಕವರ್ಗವನ್ನು ಉಳಿಸಿಕೊಳ್ಳುತ್ತದೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ನಿಯಮ. ಚೆವಿ-ಕಿವಿ, ಚೆಯ್-ಗೆಯ್ ಇದ್ದಂತೆಯೇ ಚೇರು-ಗೇರು. ಆಂಸ್ಟರ್‌ಡ್ಯಾಮಿನಲ್ಲಿ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ‘ಕಾಟ್ಟುಚೇರು’ ಎಂಬ ಮರದ ವರ್ಣನೆಯಿದೆ. ಅದು ಗೇರಿನ ಹತ್ತಿರದ ನೆಂಟ. ಮುಂದೆ ಆ ಮರದ ಕುಲಕ್ಕೆ ‘ಹೊಲಿಗಾರ್ನ’ ಎಂಬ ಹೆಸರು ಬಂತು. ಈ ಹೆಸರು ಹೊಳೆಗೇರು ಎಂಬ ಕನ್ನಡ ಮಾತಿನಿಂದಲೇ ಹುಟ್ಟಿದ್ದೆಂದು ಹೇಳುವುದುಂಟು.

ಗೇರು ಎಂಬ ಮಾತಿನ ಅರ್ಥದಲ್ಲಿ ನಡುವೆ ಒಂದು ಪಲ್ಲಟವಾಯಿತು. ಪೋರ್ಚುಗೀಸರು ಬ್ರೆಜಿಲಿನ ಕಡೆಯಿಂದ ಹೊಸದೊಂದು ಮರವನ್ನು ಪಶ್ಚಿಮ ಕರಾವಳಿಗೆ ತಂದರು. ಅದರ ಕಾಯಿಯೂ ತಿರುಳುಗೂಡಿದ ತೊಟ್ಟಿನ ತುದಿಯಲ್ಲಿ ಕುಳಿತಿರುತ್ತದೆ. ಅದರ ಸಿಪ್ಪೆಯ ರಸವೂ ಮೈಯನ್ನು ಸುಡುತ್ತದೆ. ಜನ ಅದನ್ನು ಹಳೆಯ ಗೇರಿನ ಬಂಧುವೆಂದು ಗುರುತಿಸಿ ಅದೇ ಹೆಸರಿನಿಂದ ಕರೆದರು. ಕಾಲಕ್ರಮದಲ್ಲಿ ಹೊಸಬನೇ ‘ಗೇರು’ ಎಂಬ ಹೆಸರಿಗೆ ಹಕ್ಕುದಾರನಾಗಿ, ಹಳಬ ‘ಕರಿಗೇರು’, ‘ಗುಡ್ಡೆಗೇರು’ ಎಂಬ ವಿಶೇಷಣ ಹೊರಬೇಕಾಯಿತು. ತೆಲುಗಿನಲ್ಲಿ ‘ಜೀಡಿ’ಗೆ ಆದದ್ದೂ ಇದೇ, ಇಂದು ಜೀಡಿಪಪ್ಪು ಎಂದರೆ ಗೇರುಬೀಜ. ನಾವು ಬಯಲುಸೀಮೆಯವರು ಗೇರುಬೀಜಕ್ಕೆ ಹೇಳುವ ‘ಗೋಡಂಬಿ’ಯೂ ಮರಾಠಿಯಲ್ಲಿ ಇಂದಿಗೂ ಬಿಬ್ಬೆಯ ಒಳತಿರುಳಿನ ಹೆಸರು. ಬೇರೆ ಬೇರೆ ಭಾಷೆಗಳ ಜನ ಪರದೇಶದ ಮರವನ್ನು ನೋಡಿ ಒಂದೇ ತೀರ್ಮಾನಕ್ಕೆ ಬಂದರು. ಸಸ್ಯಶಾಸ್ತ್ರಜ್ಞರೂ ಈ ಎರಡನ್ನು ಒಂದೇ ಕುಟುಂಬದಲ್ಲಿ ಇರಿಸಿರುವುದರಿಂದ ಆ ತೀರ್ಮಾನ ತಪ್ಪಾಗಿರಲಿಲ್ಲ. ಹೆಸರಿಡುವ ಹಳ್ಳಿಗನ ಕಣ್ಣು ಶಾಸ್ತ್ರದ ಕಣ್ಣಿಗಿಂತ ಮಂದವೆಂದು ತಿಳಿಯಬೇಕಾಗಿಲ್ಲ.

ಒಣಕಾಡಿನ ಕರಿಗೇರು ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರ. ಕತ್ತಲೆಕಾನಿನ ಗೇರು ಅದೇ ಕುಲದ್ದಾದರೂ ನಿತ್ಯಹಸುರು. ನೀರಿನಲ್ಲಿ ಕಾಲಿಟ್ಟು ನಿಂತದ್ದು. ಒಂದು ಮನೆತನದ ಇಬ್ಬರಲ್ಲಿ ಒಬ್ಬನು ಬರಗಾಲಕ್ಕೂ ಇನ್ನೊಬ್ಬನು ಮಳೆಗೂ ಒಗ್ಗಿಕೊಂಡಂತೆ. ಹೊಸ ಗೇರಿನಲ್ಲಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆ. ಈ ಸಂಗತಿಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

೩. ವರ್ಣನೆಯ ಕ್ರಮ

ಇಷ್ಟು ದೊಡ್ಡ ಮರ ಇಷ್ಟು ಕಾಲ ಹೇಗೆ ಮರೆಯಾಗಿತ್ತು? ಉತ್ತರ ಕನ್ನಡದ ಸಸ್ಯಸಂಪತ್ತು ಅಪರಿಚಿತವಾಗಿರಲಿಲ್ಲ. ೧೮೦೦-೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದ್ದನು. ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ ೧೯೦೯-೧೯೧೧ರ ಅವಧಿಯಲ್ಲಿ ಮುಂಬಯಿ ಪ್ರಾಂತ್ಯದ ಅರಣ್ಯಸಸ್ಯಗಳ ಗ್ರಂಥವನ್ನು ಪ್ರಕಟಿಸಿದನು. ಸಲ್ಡಾನ ಅವರ ಸಂಪಾದಕತ್ವದಲ್ಲಿ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ೧೯೮೪ರಲ್ಲಿ, ಎರಡನೆಯದು ೧೯೯೬ರಲ್ಲಿ ಹೊರಬಂದವು. ಆದರೂ ಜಡ್ಡಿಯ ಒಳಗೆ ಹೊಕ್ಕು ಮರಮರವನ್ನೂ ಪರೀಕ್ಷಿಸುವ ಅವಕಾಶ ಅಪರೂಪದ್ದು. ಜಡ್ಡಿಗಳು ಕಿರಿದು, ಚದುರಿದವು, ಕಾಲಿಡಲು ಕಷ್ಟವಾದವು. ಹೂವು ನೆತ್ತಿಯ ಮೇಲೆಲ್ಲೋ ಅರಳುತ್ತದೆ. ಗಂಡು ಮರದಿಂದ ತಂದ ಕೊಂಬೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಉಳಿದರ್ಧಕ್ಕೆ ಹೆಣ್ಣು ಮರವನ್ನು ಹುಡುಕಬೇಕು. ಹೂವೂ ಹಣ್ಣೂ ಬೇರೆ ಬೇರೆ ಕಾಲಕ್ಕೆ ಬರುವುದರಿಂದ ಮತ್ತೆ ಮತ್ತೆ ಹೋಗಬೇಕು.

ಹೊಸ ಪ್ರಭೇದವೆಂದು ಸಾಧಿಸುವ ಕ್ರಮ ಗ್ರಂಥಸಂಪಾದನೆಯ ಕ್ರಮವನ್ನು ಹೋಲುತ್ತದೆ. ಹೊಸ ಓಲೆಗರಿಯೊಂದು ಸಿಕ್ಕಿದಾಗ ಅದನ್ನು ತಿಳಿದಿರುವ ಎಲ್ಲ ಪ್ರತಿಗಳೊಡನೆ ಹೋಲಿಸಿ, ಇದು ಬೇರೆಯ ಕೃತಿಯೋ ಅಥವಾ ಹಳೆಯ ಕೃತಿಯದೇ ಪಾಠಾಂತರವೋ ಎಂದು ನಿರ್ಧರಿಸುವಂತೆ, ಸಸ್ಯಶಾಸ್ತ್ರಜ್ಞನು ಆ ಕುಲದ ತಿಳಿದಿರುವ ಎಲ್ಲ ಪ್ರಭೇದಗಳ ಮಾದರಿಗಳೊಡನೆ ಹೊಸದನ್ನು ಹೋಲಿಸುತ್ತಾನೆ. ಎಲೆಯ ಆಕಾರ, ಸಿರೆಗಳ ಜೋಡಣೆ, ಹೂಗೊಂಚಲಿನ ರೀತಿ, ಕಾಯಿಗೂ ಅದರ ಕೆಳಗಿನ ತಿರುಳುತೊಟ್ಟಿಗೂ ಇರುವ ಪ್ರಮಾಣ ಇವೆಲ್ಲ ಇಲ್ಲಿ ಪಾಠಗಳು. ಒಂದೆರಡು ಎಲೆಗಳಲ್ಲಿ ಕಂಡ ವ್ಯತ್ಯಾಸ ಸಾಲದು. ವ್ಯತ್ಯಾಸ ನಿಯತವಾಗಿರಬೇಕು, ಒಂದಕ್ಕಿಂತ ಹೆಚ್ಚು ಅಂಗಗಳಲ್ಲಿ ಕಾಣಬೇಕು. ಅನಂತರ ಒಂದು ಒಣಗಿಸಿದ ಮಾದರಿಯನ್ನು ‘ಮೂಲ ಮಾದರಿ’ ಎಂದು ಘೋಷಿಸಿ ಹರ್ಬೇರಿಯಂ ಎಂದು ಕರೆಯುವ ಒಣಸಸ್ಯಗಳ ಭಂಡಾರದಲ್ಲಿ ಇರಿಸಬೇಕು. ಮುಂದೆ ಎಂದಾದರೂ ಸಂಶಯ ಬಂದರೆ ಆ ಹೆಸರಿನ ಅರ್ಥ ಆ ಹಾಳೆಗೆ ಅಂಟಿಸಿದ ಕೊಂಬೆಯೇ. ನಮ್ಮ ನಿಘಂಟುಗಳಲ್ಲಿ ಒಂದು ಪದಕ್ಕೆ ಪ್ರಯೋಗದ ಆಧಾರ ಕೊಡುವಂತೆ ಇಲ್ಲಿ ವಸ್ತುವೇ ಆಧಾರ.

ಸಸ್ಯನಾಮಗಳ ಕಾಲಗಣನೆ ಲಿನೇಯಸನ ೧೭೫೩ರ ಗ್ರಂಥದಿಂದ ಆರಂಭವಾಗುತ್ತದೆ. ಹೆಸರಿನ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ೧೯೩೫ರಿಂದ ೨೦೧೧ರ ಕೊನೆಯವರೆಗೆ ಹೊಸ ಸಸ್ಯವನ್ನು ಲ್ಯಾಟಿನ್ನಿನಲ್ಲಿ ವರ್ಣಿಸದಿದ್ದರೆ ಹೆಸರು ಸಿಂಧುವಾಗುತ್ತಿರಲಿಲ್ಲ. ೨೦೧೨ರ ಜನವರಿ ಒಂದರಿಂದ ಇಂಗ್ಲಿಷಿನ ವರ್ಣನೆಯೂ ಸಲ್ಲುತ್ತದೆ. ಎಂದರೆ ೨೦೦೦ದಲ್ಲಿ ನಮ್ಮ ಜಡ್ಡಿಯ ಮರ ಲ್ಯಾಟಿನ್ ವಾಕ್ಯಗಳ ಮೂಲಕವೇ ಶಾಸ್ತ್ರದೊಳಗೆ ಬರಬೇಕಾಗಿತ್ತು. ಯಾರೂ ಮನೆಮಾತಾಗಿ ಆಡದ ಭಾಷೆಯೊಂದು ಎಲ್ಲರಿಗೂ ಸಮಾನದೂರದಲ್ಲಿ ನಿಂತು ಸಾಕ್ಷಿ ನುಡಿಯುತ್ತಿತ್ತು. ಸಂಸ್ಕೃತದ ಶಾಸ್ತ್ರಗ್ರಂಥಗಳ ಪರಂಪರೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

೪. ಹೆಸರಿನೊಳಗಣ ಕನ್ನಡ

‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಹೆಸರನ್ನು ಬಿಡಿಸಿದರೆ ಮೂರು ಭಾಷೆಗಳು ದೊರೆಯುತ್ತವೆ. ಮೊದಲ ಪದ ಗ್ರೀಕ್ ಮೂಲದ್ದು. ಎರಡನೆಯ ಪದದ ಪ್ರಕೃತಿ ಕನ್ನಡ: ಕತ್ತಲೆ ಮತ್ತು ಕಾನು. ಕೊನೆಯ ‘ಎನ್ಸಿಸ್’ ಲ್ಯಾಟಿನ್ ಪ್ರತ್ಯಯ. ಇಂಥ ಊರಿಗೆ ಸೇರಿದ್ದು ಎಂಬ ಅರ್ಥವನ್ನು ಕೊಡುವ ತದ್ಧಿತ. ‘ಕತ್ತಲೆಕಾನಿನದು’ ಎಂದು ನಾವು ಷಷ್ಠಿಯಿಂದ ಹೇಳುವುದನ್ನು ಲ್ಯಾಟಿನ್ ತದ್ಧಿತದಿಂದ ಹೇಳಿದೆ. ರೋಮನ್ ಲಿಪಿಯಲ್ಲಿ ಬರೆಯುವಾಗ ‘ತ್ತ’ ಎಂಬ ಒತ್ತಕ್ಷರದ ದ್ವಿತ್ವ ಕಳೆದುಹೋಗಿ ತಕಾರ ಒಂಟಿಯಾಗಿದೆ. ಮೊದಲು ಪ್ರಕಟವಾದ ಕಾಗುಣಿತವನ್ನೇ ಉಳಿಸಿಕೊಳ್ಳಬೇಕೆಂಬುದು ನಾಮಕರಣದ ಸಾಮಾನ್ಯ ವಿಧಿಯಾದ್ದರಿಂದ ಆ ಒತ್ತು ಇನ್ನು ಮರಳುವುದಿಲ್ಲ. ಹೆಸರಿನ ಮುಂದೆ ವರ್ಣಿಸಿದವರ ಹೆಸರುಗಳನ್ನು ಬರೆಯುವ ಪದ್ಧತಿಯೂ ಇದೆ. ಹಾಗಾಗಿ ಕತ್ತಲೆಕಾನಿನ ಜೊತೆಗೆ ದಾಸಪ್ಪ, ಸ್ವಾಮಿನಾಥ್ ಎಂಬ ಹೆಸರುಗಳೂ ಜಗತ್ತಿನ ಎಲ್ಲ ಸೂಚಿಗಳಲ್ಲಿ ಉಳಿಯುತ್ತವೆ.

ಕನ್ನಡ ನಾಡಿನ ಹೆಸರು ಇದಕ್ಕೆ ಮೊದಲು ಲ್ಯಾಟಿನ್ನಿಗೆ ಹೋಗಿರಲಿಲ್ಲವೆಂದಲ್ಲ. ಮೇಲೆ ಹೇಳಿದ ಮಂಡಿಬೇರಿನ ಮರದ ‘ಕೆನಾರಿಕ’ ಎಂಬ ವಿಶೇಷಣ, ‘ಹೋಪಿಯ ಕೆನಾರೆನ್ಸಿಸ್’ ಎಂಬ ಮರದ ಹೆಸರು, ಎರಡರಲ್ಲಿಯೂ ಇರುವುದು ಯುರೋಪಿಯನ್ನರ ಬಾಯಲ್ಲಿ ‘ಕೆನರಾ’ ಆದ ಕನ್ನಡ. ಅಲ್ಲಿ ಹೆಸರಾದದ್ದು ಆಡಳಿತಗಾರರ ನಕ್ಷೆಯ ಒಂದು ಪ್ರಾಂತ. ಕತ್ತಲೆಕಾನೆನ್ಸಿಸ್ ಎಂಬಲ್ಲಿ ಹೆಸರಾದದ್ದು ಅಲ್ಲಿ ಬದುಕುವವರು ತಮ್ಮ ಕಾಡಿಗೆ ಇಟ್ಟ ಹೆಸರು. ನೂರು ವರ್ಷಗಳ ಅಂತರದಲ್ಲಿ ನೋಟ ಜಿಲ್ಲೆಯಿಂದ ಕಾನಿಗೆ ಇಳಿದಿದೆ.

೨೦೧೪ರಲ್ಲಿ ಇದೇ ಕತ್ತಲೆಕಾನಿನಿಂದ ಇನ್ನೊಂದು ಹೆಸರು ಹೊರಟಿತು. ಕೆ. ವಿ. ಗುರುರಾಜ ಮತ್ತು ಸಂಗಡಿಗರು ವರ್ಣಿಸಿದ ಒಂದು ಇರುಳುಗಪ್ಪೆ ತೊರೆಯ ಅಂಚಿನ ಕಡ್ಡಿಯ ಮೇಲಿನ ಮೊಟ್ಟೆಗಳಿಗೆ ಮುಂಗೈಗಳಿಂದ ಕೆಸರು ತಂದು ಮೆತ್ತುತ್ತದೆ. ಈ ಕೆಲಸ ಮಾಡುವುದು ಗಂಡು ಕಪ್ಪೆ. ಮಡಕೆಗೆ ಮಣ್ಣು ಹಚ್ಚುವ ಕೈಯನ್ನು ನೆನಪಿಗೆ ತರುವ ಈ ನಡತೆಯಿಂದ ಅದಕ್ಕೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂಬ ಹೆಸರು ಬಂತು. ಇಲ್ಲಿ ಲ್ಯಾಟಿನ್ ಪ್ರತ್ಯಯವೂ ಇಲ್ಲ. ‘ಕುಂಬಾರ’ ಎಂಬ ಕನ್ನಡ ಪದ ಇದ್ದಂತೆಯೇ ನಿಂತಿದೆ. ಮರದ ಹೆಸರು ಸ್ಥಳವನ್ನು ಹೇಳಿತು, ಕಪ್ಪೆಯ ಹೆಸರು ಕಸುಬನ್ನು ಹೇಳಿತು.

೫. ಉಳಿವಿನ ಪ್ರಶ್ನೆ

ಹೆಸರು ಬಂದ ಹೊತ್ತಿಗೆ ಮರ ಅಳಿವಿನ ಅಂಚಿನಲ್ಲಿತ್ತು. ಕೆಲವೇ ಜಡ್ಡಿಗಳಿಗೆ ಸೀಮಿತವಾದ ಈ ಪ್ರಭೇದವನ್ನು ತೀವ್ರವಾಗಿ ಅಪಾಯಕ್ಕೊಳಗಾದುದೆಂದು ಸಂಶೋಧಕರು ಗುರುತಿಸಿದ್ದಾರೆ. ಅದರ ಸಂಖ್ಯೆಯ ಲೆಕ್ಕದಲ್ಲಿ ಒಂದು ಮೋಸವಿದೆ. ಗಂಡು ಹೆಣ್ಣು ಮರಗಳು ಬೇರೆ ಬೇರೆಯಾದ್ದರಿಂದ ಒಂದು ಜಡ್ಡಿಯಲ್ಲಿ ಹತ್ತು ಮರಗಳಿದ್ದರೆ ಹತ್ತೂ ಬೀಜ ಬಿಡುವುದಿಲ್ಲ. ಹೆಣ್ಣು ಮರದ ಸಮೀಪದಲ್ಲಿ ಗಂಡು ಮರವೂ, ಎರಡರ ನಡುವೆ ಓಡಾಡುವ ಕೀಟಗಳೂ ಇರಬೇಕು. ಜೌಗುಕಾಡಿನ ಅನೇಕ ಮರಗಳ ಬೀಜ ಒಣಗಿದರೆ ಸತ್ತುಹೋಗುತ್ತದೆ. ಭತ್ತದಂತೆ ಕಣಜದಲ್ಲಿ ಕೂಡಿಡುವಂತಿಲ್ಲ. ಅಂಥ ಬೀಜವನ್ನು ಕಾಪಾಡುವ ಏಕೈಕ ಭಂಡಾರ ಒದ್ದೆಯಾದ ಜಡ್ಡಿಯೇ.

ಜಡ್ಡಿಗಳ ಸಂಖ್ಯೆ ಕುಗ್ಗಿದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ವರ್ಷವಿಡೀ ನೀರಿರುವ ಕಣಿವೆಯ ತಳವೇ ಗದ್ದೆಗೂ ಅಡಿಕೆ ತೋಟಕ್ಕೂ ಯೋಗ್ಯವಾದ ನೆಲ. ಇಂದು ನಾವು ಮೆಚ್ಚುವ ಅನೇಕ ತೋಟಗಳ ಕೆಳಗೆ ಹಿಂದಿನ ಜಡ್ಡಿಗಳಿರಬಹುದು. ಇದರಲ್ಲಿ ರೈತನನ್ನು ದೂರುವಂತಿಲ್ಲ. ಅವನಿಗೂ ನೀರು ಬೇಕು. ಇನ್ನೊಂದು ಕಡೆ ದೊಡ್ಡ ಯೋಜನೆಗಳಿವೆ. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಲ್ಲಿ ಶರಾವತಿಯ ಮೇಲ್ಕಣಿವೆಯ ಊರುಗಳೂ ಕಾಡುಗಳೂ ಮುಳುಗಿದವು. ಊರುಗಳ ಹೆಸರುಗಳು ದಾಖಲೆಗಳಲ್ಲಿವೆ, ಎದ್ದುಹೋದವರ ನೆನಪಿನಲ್ಲಿವೆ. ಅವುಗಳೊಡನೆ ಹೆಸರಿಲ್ಲದ ಯಾವ ಮರಗಳು ಮುಳು
ಗಿದವೆಂಬುದನ್ನು ತಿಳಿಯುವ ದಾರಿಯೇ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಎರಡು ಸಾವಿರ ಮೆಗಾವಾಟಿನ ಶರಾವತಿ ಭೂಗತ ವಿದ್ಯುತ್ ಯೋಜನೆಯ ಸುತ್ತ ನಡೆದಿರುವ ವಾದವಿವಾದದಲ್ಲಿಯೂ ಈ ಹಳೆಯ ಪ್ರಶ್ನೆಯೇ ಮರುಕಳಿಸಿದೆ.

ಹೆಸರು ಬಂದದ್ದರಿಂದ ಪ್ರಯೋಜನವಾಯಿತೆ? ಆಯಿತೆನ್ನಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಈ ಮರದ ಸಂಖ್ಯೆಯನ್ನೂ ಸಂತಾನಕ್ರಮವನ್ನೂ ಅಧ್ಯಯನ ಮಾಡಿದರು. ಸಸಿಗಳನ್ನು ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಪ್ರಯತ್ನವೂ ನಡೆಯಿತು. ಒಂದು ಹೊಸ ಹೆಸರಿನಿಂದ ಕತ್ತಲೆಕಾನಿನ ಕಡೆಗೆ ತಿರುಗಿದ ಕಣ್ಣುಗಳು ಬೇರೆಯದನ್ನೂ ಕಂಡವು. ದಕ್ಷಿಣದ ತಿರುವಾಂಕೂರಿನ ಅರಣ್ಯಾಧಿಕಾರಿ ಬೋರ್ಡಿಲನ್ನನ ಹೆಸರು ಹೊತ್ತ ಹಿಪ್ಪೆಯ ಜಾತಿಯ ಮರ, ತಿರುವಾಂಕೂರಿನದೇ ಹೆಸರು ಹೊತ್ತ ನೇರಳೆಯ ಜಾತಿಯ ಮರ ಇವೆರಡೂ ಇಲ್ಲಿ ಬೆಳೆಯುತ್ತಿವೆಯೆಂದು ಸುಭಾಶ್ಚಂದ್ರನ್ ಮತ್ತು ಸಂಗಡಿಗರು ೨೦೦೮ರಲ್ಲಿ ವರದಿ ಮಾಡಿದರು. ಎರಡೂ ಅಳಿವಿನಂಚಿನವು. ೨೦೧೧ರಲ್ಲಿ ಕತ್ತಲೆಕಾನನ್ನೂ ಒಳಗೊಂಡ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಪ್ರದೇಶ ಘೋಷಿತವಾಯಿತು. ೨೦೧೯ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿತು. ಸಿಂಗಳೀಕದ ಹೆಸರಿನಲ್ಲಿ ಕಾನು ಉಳಿದರೆ ಅದರ ನೆರಳಿನಲ್ಲಿ ಗೇರೂ ಉಳಿಯುತ್ತದೆ.

೬. ಕನ್ನಡ ವಿಭಾಗಗಳ ಪಾಲು

೨೦೧೨ರ ಅಕ್ಟೋಬರಿನಲ್ಲಿ ಜೀವವೈವಿಧ್ಯ ಒಡಂಬಡಿಕೆಯ ಹನ್ನೊಂದನೆಯ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮ ಹೈದರಾಬಾದಿನಲ್ಲಿಯೇ ನಡೆಯಿತು. ಅದೇ ವರ್ಷ ಪಶ್ಚಿಮಘಟ್ಟದ ಮೂವತ್ತೊಂಬತ್ತು ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದವು. ಜೀವಿಗಳ ಕುರಿತ ಸ್ಥಳೀಯ ತಿಳಿವಳಿಕೆಯನ್ನು ಗೌರವಿಸಿ ಕಾಪಾಡಬೇಕೆಂಬುದು ಆ ಒಡಂಬಡಿಕೆಯ ಒಂದು ಅಂಶ. ಭಾರತದ ೨೦೦೨ರ ಜೀವವೈವಿಧ್ಯ ಕಾಯಿದೆಯ ಅಡಿಯಲ್ಲಿ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮರದ ಸ್ಥಳೀಯ ಹೆಸರು, ಅದರ ಬಳಕೆ, ಅದನ್ನು ಬಲ್ಲವರು ಯಾರು ಎಂಬುದೆಲ್ಲ ಅದರಲ್ಲಿ ಸೇರಬೇಕು. ಇದು ಕೇವಲ ಸಸ್ಯಶಾಸ್ತ್ರದ ಕೆಲಸವಲ್ಲ. ಉಚ್ಚಾರಣೆಯನ್ನು ಸರಿಯಾಗಿ ಕೇಳಿ ಬರೆದುಕೊಳ್ಳಬಲ್ಲ, ರೂಪಭೇದಗಳನ್ನು ಹೋಲಿಸಬಲ್ಲ ಭಾಷಾಧ್ಯಯನದವರ ಕೆಲಸವೂ ಹೌದು.

ಇದಕ್ಕೆ ನಮ್ಮಲ್ಲಿ ಪರಂಪರೆಯುಂಟು. ೧೦೨೫ರಷ್ಟು ಹಿಂದೆ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನ ಕೊಟ್ಟನು. ೧೮೯೪ರ ಕಿಟ್ಟೆಲರ ನಿಘಂಟಿನಲ್ಲಿ ಅನೇಕ ಗಿಡಮರಗಳ ಕನ್ನಡ ಹೆಸರುಗಳ ಎದುರಿಗೆ ಶಾಸ್ತ್ರೀಯ ನಾಮಗಳಿವೆ. ಸ್ವತಃ ಸಸ್ಯವಿಜ್ಞಾನಿಗಳಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ೧೯೭೬ರಲ್ಲಿ ಪ್ರಕಟವಾಗಿ ಎರಡು ವರ್ಷಗಳ ತರುವಾಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಾಗ, ಸಸ್ಯವರ್ಣನೆಯೂ ಕನ್ನಡದಲ್ಲಿ ಸಾಹಿತ್ಯವಾಗಬಲ್ಲದೆಂಬುದು ರುಜುವಾತಾಯಿತು. ಆದರೆ ಇವುಗಳ ಮುಂದಿನ ಕೊಂಡಿ ಸಡಿಲವಾಗಿದೆ. ಗ್ರಾಮನಾಮಗಳನ್ನೂ ವೃತ್ತಿಪದಗಳನ್ನೂ ಸಂಗ್ರಹಿಸುವ ನಾವು ಕಾಡಿನ ಹೆಸರುಗಳನ್ನು ಅಷ್ಟು ಶ್ರದ್ಧೆಯಿಂದ ಸಂಗ್ರಹಿಸಿಲ್ಲ. ಸೊಪ್ಪಿಗೂ ಜೇನಿಗೂ ಉಪ್ಪಗೆಗೂ ಕಾಡಿಗೆ ಹೋಗುವ ಹಿರಿಯರ ಮಾತಿನಲ್ಲಿ ಉಳಿದಿರುವ ಹೆಸರುಗಳು ಅವರೊಂದಿಗೇ ಮುಗಿದರೆ ಮುಂದೆ ಯಾವ ಹರ್ಬೇರಿಯಂ ಅವುಗಳನ್ನು ಮರಳಿಸಲಾರದು. ಒಂದು ಸಂಶೋಧನ ಪ್ರಬಂಧಕ್ಕೆ ಒಂದು ತಾಲ್ಲೂಕಿನ ಮರಗಳ ಹೆಸರುಗಳೇ ಸಾಕಷ್ಟು ವಸ್ತು. ಅದರ ಜೊತೆಗೆ ಸಸ್ಯಶಾಸ್ತ್ರದ ಒಬ್ಬ ಸಹೋದ್ಯೋಗಿ, ಮಳೆಗಾಲವೊಂದನ್ನು ಕಾಡಿನ ಊರಿನಲ್ಲಿ ಕಳೆಯುವ ಸಿದ್ಧತೆ ಇದ್ದರೆ ಆಯಿತು.

ಕೊನೆಯಲ್ಲಿ ಆ ಸ್ಥಳನಾಮಕ್ಕೆ ಮರಳಬಹುದು. ಕತ್ತಲೆಕಾನು ಎಂಬುದು ಹೆಸರಾಗುವ ಮೊದಲು ವರ್ಣನೆಯಾಗಿತ್ತು. ಹಗಲಿನಲ್ಲಿಯೂ ಬೆಳಕು ಇಳಿಯದಷ್ಟು ದಟ್ಟವಾದ ಕಾಡೆಂದು ಅದನ್ನು ಕಂಡವರು ಹೇಳಿದ ಮಾತು ಅದು. ಜಡ್ಡಿಯ ಮರಗಳ ಬಾಳುವೆ ನಿಂತಿರುವುದು ಆ ಕತ್ತಲೆಯ ಮೇಲೆಯೇ. ಮೇಲಿನ ಹಂದರ ಹರಿದು ಬಿಸಿಲು ನೆಲಕ್ಕೆ ಬಿದ್ದರೆ ಕೆಸರು ಒಣಗುತ್ತದೆ, ಬೀಜ ಸಾಯುತ್ತದೆ. ‘ಕತ್ತಲೆಕಾನೆನ್ಸಿಸ್’ ಎಂಬ ಹೆಸರು ಇನ್ನು ಶಾಸ್ತ್ರದ ಪುಸ್ತಕಗಳಿಂದ ಅಳಿಯುವುದಿಲ್ಲ. ಮರವು ಅಳಿದರೂ ಅದು ಉಳಿಯುತ್ತದೆ. ಆ ಕಾನಿನಲ್ಲಿ ಕತ್ತಲೆಯನ್ನು ಉಳಿಸಿ ಆ ಹೆಸರನ್ನು ನಿಜವಾಗಿಸುವುದು ನಾಡಿನವರಿಗೆ ಬಿಟ್ಟದ್ದು.